ಕಿರುಸುಖವೂ ಕಿರುಕುಳವೂ

ಮನುಷ್ಯನು ತನ್ನ ಬಾಳಿನ ಕಥೆಯನ್ನು ಹೇಳತೊಡಗಿದರೆ ಅವನ ಬಾಯಿಗೆ ಮೊದಲು ಬರುವುವು ದೊಡ್ಡ ಸಂಗತಿಗಳೇ. ವಿದ್ಯಾಭ್ಯಾಸ, ಉದ್ಯೋಗ, ವಿವಾಹ, ಮಕ್ಕಳ ಜನನ, ಹಿರಿಯರ ಮರಣ, ಮನೆ ಕಟ್ಟಿಸಿದುದು, ಊರು ಬಿಟ್ಟುದು—ಇಷ್ಟನ್ನು ಹೇಳಿ ಅವನು ಕಥೆ ಮುಗಿಯಿತೆನ್ನುತ್ತಾನೆ. ಆದರೆ 60 ವರ್ಷ ಬಾಳಿದವನಿಗೆ 21,900ಕ್ಕೂ ಮೀರಿದ ದಿನಗಳು ಸಂದಿರುತ್ತವೆ. ಮೇಲೆ ಹೇಳಿದ ಸಂಗತಿಗಳು ನಡೆದ ದಿನಗಳನ್ನೆಲ್ಲ ಕೂಡಿಸಿದರೂ ನೂರಾಗುವುದು ಕಷ್ಟ. ಉಳಿದ ದಿನಗಳಲ್ಲಿ ಅವನು ಬಾಳುತ್ತಿರಲಿಲ್ಲವೆ? ಬಾಳುತ್ತಿದ್ದನೆಂದಾದರೆ ಆ ಬಾಳಿನ ಹುರುಳೇನು? ಈ ಪ್ರಶ್ನೆಯು ನೋಡುವುದಕ್ಕೆ ಹಗುರವಾದರೂ ಅದರ ಉತ್ತರದ ಮೇಲೆ ಬಹುಮಂದಿಯ ಜೀವನದ ಬೆಲೆ ನಿಂತಿದೆ. ಏಕೆಂದರೆ ದೊಡ್ಡ ಸಂಗತಿಗಳು ಎಲ್ಲರ ಪಾಲಿಗೂ ಬರುವುದಿಲ್ಲ. ಬಂದವರ ಪಾಲಿನಲ್ಲಿಯೂ ಬಹುಕಾಲ ನಿಲ್ಲುವುದಿಲ್ಲ.

ಆಷಾಢಮಾಸದಲ್ಲಿ ಮಲೆನಾಡಿನ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಮಳೆ ಹಿಡಿದು ಎಂಟು ದಿನವಾಗಿದೆ. ಮರವು ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುವುದರಿಂದ ನಡುಮನೆಯ ಬಾಗಿಲು ಹೆಗಲು ಕೊಟ್ಟು ನೂಕಿದ ಹೊರತು ಮುಚ್ಚುವುದಿಲ್ಲ, ಮುಚ್ಚಿದರೆ ತೆರೆಯುವುದಿಲ್ಲ. ಒಗೆದ ಬಟ್ಟೆ ಒಲೆಯ ಮೇಲಣ ಗಳುವಿನಲ್ಲಿ ಮೂರು ದಿನ ತೂಗಿದರೂ ಅದಕ್ಕೆ ಹೊಗೆಯ ವಾಸನೆ ಹತ್ತುವುದೇ ಹೊರತು ಅದು ಆರುವುದಿಲ್ಲ. ಹಾಲು, ನೋಡುತ್ತ ನಿಂತಷ್ಟು ಹೊತ್ತೂ ಸುಮ್ಮನಿದ್ದು, ಯಾರೋ ಕರೆದರೆಂದು ಮುಖ ತಿರುಗಿಸಿದ ಕ್ಷಣದಲ್ಲಿ ಕೆನೆಯ ಪೊರೆಯನ್ನೆತ್ತಿಕೊಂಡು ಉಕ್ಕುತ್ತದೆ. ಕಾಫಿಯ ಡಿಕಾಕ್ಷನ್ ಇಳಿಯಲೊಲ್ಲದು. ಯಜಮಾನರ ಕನ್ನಡಕವನ್ನು ಮೊಮ್ಮಗು ಎಲ್ಲಿಯೋ ಇಟ್ಟು ಮರೆತಿದೆ. ವೃತ್ತಪತ್ರಿಕೆ ಬಂದಿದೆ, ಆದರೆ ಅದನ್ನು ಪಕ್ಕದ ಮನೆಯವರು ಓದಿ ಕಳುಹಿಸಬೇಕು. ಇಷ್ಟರಲ್ಲಿ ಮೋಡ ಹರಿದು ಅರ್ಧ ಗಳಿಗೆ ಬಿಸಿಲು ಬೀಳುತ್ತದೆ. ಮನೆಗೆ ಮನೆಯೇ ಅಂಗಳಕ್ಕೆ ಓಡುತ್ತದೆ: ಒಬ್ಬರ ಕೈಯಲ್ಲಿ ಬಟ್ಟೆ, ಒಬ್ಬರ ಕೈಯಲ್ಲಿ ಹಾಸಿಗೆ, ಹುಡುಗರ ತಲೆಯ ಮೇಲೆ ಹಪ್ಪಳದ ಚಾಪೆ. ಎಲ್ಲವನ್ನೂ ಹರವಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಮತ್ತೆ ಹನಿ, ಮತ್ತೆ ಓಟ. ಅರ್ಧ ನೆನೆದು ಒಳಗೆ ಬಂದವರು ಒಬ್ಬರ ಮುಖವನ್ನೊಬ್ಬರು ನೋಡಿದಾಗ ಎಲ್ಲರಿಗೂ ನಗು ಬರುತ್ತದೆ. ಬಟ್ಟೆ ಒಣಗಲಿಲ್ಲ, ಆದರೂ ಆ ದಿನದಲ್ಲಿ ನೆನೆಯತಕ್ಕದ್ದೇನಾದರೂ ಇದ್ದರೆ ಅದು ಆ ಅರ್ಧ ಗಳಿಗೆಯೇ. ಅದರಲ್ಲಿ ಸುಖವೆಷ್ಟು, ಕಿರುಕುಳವೆಷ್ಟು ಎಂದು ಬೇರ್ಪಡಿಸಿ ತೂಗುವುದು ಸುಲಭವಲ್ಲ.

ಪ್ರಾಚೀನರು ಇಂತಹ ವಿಷಯಗಳನ್ನು ಕಡೆಗಣಿಸಿದವರಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ, ಶೀತೋಷ್ಣಗಳನ್ನೂ ಸುಖದುಃಖಗಳನ್ನೂ ಉಂಟುಮಾಡುವ ಇಂದ್ರಿಯಸ್ಪರ್ಶಗಳು ಬಂದು ಹೋಗತಕ್ಕವೆಂದೂ ಅವನ್ನು ಸಹಿಸಿಕೊಳ್ಳಬೇಕೆಂದೂ ಶ್ರೀಕೃಷ್ಣನು ಅರ್ಜುನನಿಗೆ ಹೇಳುತ್ತಾನೆ. ದಾಸನಾಗಿದ್ದು ಬಿಡುಗಡೆ ಹೊಂದಿ ತತ್ತ್ವಬೋಧಕನಾದ ಎಪಿಕ್ಟೀಟಸನು, ಸಾರ್ವಜನಿಕ ಸ್ನಾನಗೃಹಕ್ಕೆ ಹೊರಡುವವನು ಅಲ್ಲಿ ನೀರೆರಚುವವರೂ ತಳ್ಳುವವರೂ ಬೈಯುವವರೂ ಕದಿಯುವವರೂ ಇರುವರೆಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕೆಂದನು. ಇವು ತಾಳ್ಮೆಯ ಪಾಠಗಳು. ಇವಿಲ್ಲದೆ ಯಾರ ಸಂಸಾರವೂ ಸಾಗದು. ಆದರೆ ತಾಳ್ಮೆಯು ಕಿರುಕುಳವನ್ನು ದಾಟಿ ಹೋಗತಕ್ಕ ಹಳ್ಳವೆಂದು ಬಗೆಯುತ್ತದೆ. ಆ ಹಳ್ಳದ ನೀರನ್ನು ರುಚಿ ನೋಡುವುದಿಲ್ಲ. ಕ್ರಿ. ಶ. 161ರಿಂದ 180ರವರೆಗೆ ರೋಮನ್ನರ ಚಕ್ರವರ್ತಿಯಾಗಿದ್ದ ಮಾರ್ಕಸ್ ಆರೀಲಿಯಸನು ತನಗಾಗಿ ಬರೆದುಕೊಂಡ ಟಿಪ್ಪಣಿಗಳಲ್ಲಿ ಬೇರೊಂದನ್ನು ಗಮನಿಸಿದ್ದಾನೆ. ಬೇಯುವಾಗ ರೊಟ್ಟಿಯು ಅಲ್ಲಲ್ಲಿ ಬಿರಿಯುತ್ತದೆ. ಅದು ಬೇಯಿಸುವವನು ಬಯಸಿದುದಲ್ಲ. ಆದರೂ ಆ ಬಿರುಕುಗಳೇ ಹಸಿವನ್ನು ಕೆರಳಿಸುತ್ತವೆ ಎಂಬುದು ಅವನ ಮಾತಿನ ತಾತ್ಪರ್ಯ. ಅಕ್ಕಿರೊಟ್ಟಿಯ ಸೀದ ಅಂಚಿಗಾಗಿ ಹುಡುಗರು ಜಗಳವಾಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಬಿರುಕನ್ನು ಸಹಿಸುವುದು ಬೇರೆ. ಬಿರುಕಿನಲ್ಲಿ ರುಚಿ ಕಾಣುವುದು ಬೇರೆ.

ಇನ್ನು ದೊಡ್ಡ ಸುಖಗಳ ವಿಚಾರ. 1978ರಲ್ಲಿ ಬ್ರಿಕ್‌ಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು, ಅಮೆರಿಕದ ಮನಶ್ಶಾಸ್ತ್ರಜ್ಞರು, ಒಂದು ಪರಿಶೀಲನೆಯನ್ನು ಪ್ರಕಟಿಸಿದರು. ಲಾಟರಿಯಲ್ಲಿ ಬಹಳ ಹಣ ಗೆದ್ದ 22 ಮಂದಿಯನ್ನೂ, ಗೆಲ್ಲದ 22 ಮಂದಿಯನ್ನೂ ಅವರು ವಿಚಾರಿಸಿದ್ದರು. ಗೆದ್ದವರು ಗೆಲ್ಲದವರಿಗಿಂತ ಗಣನೀಯವಾಗಿ ಸುಖಿಗಳಾಗಿರಲಿಲ್ಲ. ಅದಕ್ಕಿಂತ ವಿಚಾರಾರ್ಹವಾದುದೆಂದರೆ, ಬೆಳಗಿನ ಉಪಾಹಾರ, ಸ್ನೇಹಿತರೊಡನೆ ಮಾತು, ಒಂದು ಹಾಸ್ಯೋಕ್ತಿ, ಮಾಸಪತ್ರಿಕೆಯ ಓದು ಮುಂತಾದ ಸಾಮಾನ್ಯ ಸಂಗತಿಗಳಲ್ಲಿ ಗೆದ್ದವರಿಗೆ ಸಿಕ್ಕುತ್ತಿದ್ದ ಸಂತೋಷವು ಇತರರದಕ್ಕಿಂತ ಕಡಿಮೆಯಾಗಿದ್ದುದು. ವಿಚಾರಿಸಿದವರ ಸಂಖ್ಯೆ ಅಲ್ಪ. ಅಷ್ಟರಿಂದಲೇ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಅದು ಸೂಚಿಸುವ ಸಂಗತಿ ಉಪನಿಷತ್ತನ್ನು ಓದಿದವರನ್ನು ಬೆರಗುಗೊಳಿಸದು. ತೈತ್ತಿರೀಯೋಪನಿಷತ್ತು ಆನಂದವನ್ನು ಅಳೆಯಹೊರಟು, ವಿದ್ಯಾವಂತನೂ ಬಲಶಾಲಿಯೂ ಆಗಿ ಸಮಸ್ತ ಭೂಮಿಯ ಸಂಪತ್ತನ್ನು ಪಡೆದ ತರುಣನ ಸುಖವನ್ನು ಮೊದಲ ಮಾನವಾಗಿ ಇಟ್ಟುಕೊಳ್ಳುತ್ತದೆ. ಮುಂದಣ ಒಂದೊಂದು ಮೆಟ್ಟಿಲಿನಲ್ಲಿಯೂ ಆನಂದವು ನೂರ್ಮಡಿಯಾಗುತ್ತದೆ. ಆದರೆ ಮೇಲಣ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ, ಕಾಮದ ಪೆಟ್ಟು ತಿನ್ನದ ಶ್ರೋತ್ರಿಯನಿಗೆ ಅಷ್ಟೇ ಆನಂದವುಂಟೆಂದು ಅದು ಮತ್ತೆ ಮತ್ತೆ ಹೇಳುತ್ತದೆ. ಹಣ ಗೆದ್ದವನು ಮೇಲಿನ ಮೆಟ್ಟಿಲನ್ನೇರಿ ಕೆಳಗಿನದನ್ನು ಕಳೆದುಕೊಂಡನು. ಆಸೆಗೆ ಸಿಕ್ಕದವನು ಯಾವುದನ್ನೂ ಕಳೆದುಕೊಳ್ಳಲಿಲ್ಲ.

ಹಾಗಾದರೆ ಕಿರುಕುಳದ ಪ್ರಯೋಜನವೇನು? ಹಸಿವಿಲ್ಲದೆ ಊಟ ರುಚಿಸದು, ಮಳೆಯಿಲ್ಲದೆ ಬಿಸಿಲು ಹಿತವಾಗದು ಎಂದು ಕೆಲವರು ಹೇಳುವುದುಂಟು. ಇದು ಸುಳ್ಳಲ್ಲ, ಆದರೆ ಸಾಲದು. ವೈಷಮ್ಯವೊಂದೇ ಪ್ರಯೋಜನವಾಗಿದ್ದರೆ ಸುಖಾಪೇಕ್ಷಿಯು ತನ್ನ ಕನ್ನಡಕವನ್ನು ತಾನೇ ಬಚ್ಚಿಟ್ಟು ಹುಡುಕಬಹುದಾಗಿತ್ತು. ಹಾಗೆ ಯಾರೂ ಮಾಡುವುದಿಲ್ಲ. ಆ ಮೊಮ್ಮಗುವು ತಂದೆತಾಯಿಗಳೊಡನೆ ಬೇರೆ ಊರಿಗೆ ಹೋಯಿತೆಂದು ಭಾವಿಸಬಹುದು. ಪಕ್ಕದ ಮನೆಯವರೂ ಮನೆ ಬಿಟ್ಟರು. ಈಗ ಪತ್ರಿಕೆ ನೆಟ್ಟಗೆ ಯಜಮಾನರ ಕೈಗೇ ಬರುತ್ತದೆ. ಕನ್ನಡಕವು ರಾತ್ರಿ ಇಟ್ಟ ಗೂಡಿನಲ್ಲಿಯೇ ಬೆಳಗ್ಗೆಯೂ ಇರುತ್ತದೆ. ಅವರು ವರ್ಷಗಟ್ಟಲೆ ಕೇಳಿಕೊಂಡ ಅನುಕೂಲವೆಲ್ಲ ಒಂದೇ ವಾರದಲ್ಲಿ ಒದಗಿದೆ. ಆದರೆ ಬೆಳಗ್ಗೆ ಎದ್ದು ಗೂಡಿಗೆ ಕೈ ಹಾಕಿದಾಗ ಕನ್ನಡಕ ಸಿಕ್ಕಿತೆಂಬುದೇ ಅವರಿಗೆ ತಾಳಲಾರದ ಸಂಗತಿಯಾಗುತ್ತದೆ. ಮನೆಯೊಳಗಣ ಕಿರುಕುಳಗಳಲ್ಲಿ ಬಹುಪಾಲು, ಬಾಳುಗಳು ಒಂದಕ್ಕೊಂದು ಹತ್ತಿರವಾಗಿ ಉಜ್ಜುವುದರಿಂದ ಹುಟ್ಟಿದವು. ಆ ಉಜ್ಜುವಿಕೆಯಿಂದಲೇ ಬಿಸುಪು ಕೂಡ ಬರುತ್ತದೆ. ಒಂದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಹೊರಗೆ ಹಾಕುವ ಉಪಾಯ ಇದುವರೆಗೆ ಯಾರಿಗೂ ತಿಳಿದಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಾಲು ಉಕ್ಕಿದ ಕಥೆಯನ್ನು ಸಂಜೆ ಅತಿಥಿಗಳೆದುರಿಗೆ ನಗುನಗುತ್ತ ಹೇಳುವವರು ಯಜಮಾನರು. ಸೀದ ಹಾಲನ್ನು ಒಲೆಯಿಂದ ಕೆರೆದವರು, ಉಳಿದ ಹಾಲನ್ನು ಎಲ್ಲರಿಗೂ ಬಡಿಸಿ ತಾವು ಹಾಲಿಲ್ಲದೆ ಕಾಫಿ ಕುಡಿದವರು, ಅವರ ಪತ್ನಿ. ಆ ಕಥೆಯಲ್ಲಿ ನಗತಕ್ಕದ್ದು ಉಂಟೋ ಇಲ್ಲವೋ ಎಂದು ಆಕೆಯನ್ನು ಯಾರೂ ಕೇಳಲಿಲ್ಲ. ಕಿರುಕುಳದಲ್ಲಿ ರುಚಿ ಕಾಣುವ ಅಧಿಕಾರವು ಅದನ್ನು ಹೊತ್ತವರಿಗೆ ಮಾತ್ರ ಸಲ್ಲತಕ್ಕದ್ದು. ನಲ್ಲಿಯಲ್ಲಿ ನಡುರಾತ್ರಿ ನೀರು ಬರುವುದು ಬಾಳಿನ ವಿನೋದಗಳಲ್ಲೊಂದೆಂದು ಹೇಳುವವನು ಆ ಹೊತ್ತಿನಲ್ಲಿ ಎದ್ದು ಕೊಡ ತುಂಬಿಸುವವನಾಗಿರಬೇಕು. ಮಲಗಿದ್ದು ಹೇಳಿದರೆ ಅದು ತತ್ತ್ವವಾಗದು, ಸೋಮಾರಿತನವಾದೀತು. ತನ್ನ ಕಿರುಕುಳವನ್ನು ನಗೆಯಾಗಿ ಮಾರ್ಪಡಿಸಿಕೊಳ್ಳುವುದು ವಿವೇಕ. ಇತರರ ಕಿರುಕುಳವನ್ನು ಕಂಡಾಗ ಎದ್ದು ಕೈಗೂಡಿಸುವುದು ಧರ್ಮ.

ಮನೆಯ ಹೊಸ್ತಿಲಾಚೆಗೂ ಈ ಮಾತು ಅನ್ವಯಿಸುತ್ತದೆ. ಅಲ್ಪದಲ್ಲಿ ಸುಖ ಕಾಣಬೇಕೆಂಬ ಉಪದೇಶವನ್ನು ಉಂಡವರು ಉಪವಾಸವಿದ್ದವರಿಗೆ ಹೇಳಿದುದುಂಟು. ಕುಡಿಯುವ ನೀರಿಗಾಗಿ ದೂರ ನಡೆಯುವವಳ ಬಳಲಿಕೆಯಾಗಲಿ, ದುಡಿದ ಕೂಲಿಗಾಗಿ ಅಲೆಯುವವನ ಬವಣೆಯಾಗಲಿ ಕಿರುಕುಳವೆಂಬ ಹೆಸರಿಗೆ ತಕ್ಕುವಲ್ಲ. ವ್ಯತ್ಯಾಸವನ್ನು ತಿಳಿಯಲು ಒಂದು ಸರಳವಾದ ಪರೀಕ್ಷೆಯುಂಟು. ಗೀತೆಯು ಹೇಳುವಂತೆ ತಾನಾಗಿ ಬಂದು ತಾನಾಗಿ ಹೋಗುವುದು, ಹೊತ್ತು ಮುಳುಗುವಷ್ಟರಲ್ಲಿ ಹೊತ್ತವರ ಬಾಯಲ್ಲಿಯೇ ಕಥೆಯಾಗುವುದು, ಕಿರುಕುಳ. ನಾಳೆಯೂ ನಾಡಿದ್ದೂ ಅದೇ ಬಾಗಿಲಲ್ಲಿ ಅದೇ ಜನರಿಗಾಗಿ ಕಾದಿರುವುದು ಅನ್ಯಾಯ. ಮೊದಲನೆಯದಕ್ಕೆ ನಗೆ ಸಲ್ಲುತ್ತದೆ, ಎರಡನೆಯದಕ್ಕೆ ಸಲ್ಲದು.

ಇಷ್ಟು ವಿವೇಚನೆಯನ್ನು ಇಟ್ಟುಕೊಂಡವನು ತನ್ನ ಉಳಿದ ದಿನಗಳನ್ನು ಬರಿದೆಂದು ಎಣಿಸಬೇಕಾಗಿಲ್ಲ. ಮಲೆನಾಡಿನ ಅನುಭವಸ್ಥ ಬಡಗಿಯು ಮಳೆಗಾಲದಲ್ಲಿ ಬಿಗಿದ ಬಾಗಿಲನ್ನು ಕೂಡಲೇ ಹೆರೆಯಲು ಒಪ್ಪುವುದಿಲ್ಲ. ಈಗ ಹೆರೆದರೆ ಬೇಸಗೆಯಲ್ಲಿ ಮರ ಒಣಗಿದಾಗ ಸಂದು ಬಿಟ್ಟು ಗಾಳಿ ನುಗ್ಗುವುದೆಂದು ಅವನು ಬಲ್ಲನು. ತೀರ ಮುಚ್ಚದಿದ್ದರೆ ತುಸು ಹೆರೆಯುತ್ತಾನೆ. ಇಲ್ಲವಾದರೆ ಕಾರ್ತಿಕದವರೆಗೆ ಹೆಗಲು ಕೊಟ್ಟು ನೂಕಿರೆಂದು ಹೇಳಿ ಹೋಗುತ್ತಾನೆ. ಮನೆಯವರು ನೂಕುತ್ತಾರೆ. ಪ್ರತಿದಿನ ಸಂಜೆ ಆ ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಾಗ, ಎಲ್ಲರೂ ಒಳಗೆ ಬಂದರೆಂದು ಅಡಿಗೆಮನೆಯಲ್ಲಿರುವವರಿಗೆ ತಿಳಿಯುತ್ತದೆ.