ಹೇಳದೆ ಉಳಿದ ‘ಣ’

ಐವತ್ತು ದಾಟಿದ ಹೆಂಗಸು ಬೆಳಗಿನ ಐದೂವರೆಗೆ ಮನೆಯಿಂದ ಹೊರಬಿದ್ದರೆ ನಮ್ಮ ಬೀದಿಯವರಿಗೆ ಎರಡೇ ಕಾರಣ ಹೊಳೆಯುತ್ತವೆ. ಒಂದು, ಪೂಜೆಗೆ ಹೂವು ಕೊಯ್ಯುವುದು, ಅದೂ ಬೇರೆಯವರ ಕಾಂಪೌಂಡಿನದು. ಇನ್ನೊಂದು, ಸಕ್ಕರೆ ಕಾಯಿಲೆ. ನಾನು ಸೈಕಲ್ ಹೊರಗೆ ತೆಗೆದ ಮೊದಲ ದಿನವೇ ಎದುರುಮನೆಯ ಅಜ್ಜಿ, “ಶುಗರ್ ಎಷ್ಟಿದೆಯಮ್ಮಾ?” ಎಂದು ಕೇಳಿದರು. “ಶುಗರ್ ಇಲ್ಲ ಅಜ್ಜೀ, ಸ್ಪರ್ಧೆ ಇದೆ” ಎಂದೆ. ಅವರಿಗೆ ಕಿವಿ ಸ್ವಲ್ಪ ಮಂದ. “ಅಯ್ಯೋ ಪಾಪ, ಮಾತ್ರೆ ಮಾತ್ರ ಬಿಡಬೇಡ” ಎಂದರು.

ಸ್ಪರ್ಧೆಯ ಹೆಸರು ಟ್ರಯಥ್ಲಾನ್. ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ನಡುವೆ ವಿಶ್ರಾಂತಿಯಿಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1974ರಲ್ಲಿ ಈ ಹೆಸರಿನಿಂದ ಶುರುವಾದ ಆಟ, 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಒಲಿಂಪಿಕ್ಸನ್ನೂ ಸೇರಿತು. ಇದರಲ್ಲಿ ಐರನ್‌ಮ್ಯಾನ್ ಎಂಬ ರಾಕ್ಷಸ ಗಾತ್ರದ್ದೊಂದಿದೆ: 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ ಪೂರ್ತಿ ಮ್ಯಾರಥಾನ್. ಮಡೋನಾ ಬ್ಯೂಡರ್ ಎಂಬ ಅಮೆರಿಕದ ಕ್ರೈಸ್ತ ಸನ್ಯಾಸಿನಿ 2012ರಲ್ಲಿ, 82ನೆಯ ವಯಸ್ಸಿನಲ್ಲಿ, ಅದನ್ನು ಮುಗಿಸಿದರು. ನಮ್ಮ ಶಿವಮೊಗ್ಗದಲ್ಲಿ ಸೈಕಲ್ ಗೆಳೆಯರ ಬಳಗವೊಂದು ಏರ್ಪಡಿಸಿದ್ದು ಅತಿ ಸಣ್ಣದು, ಸ್ಪ್ರಿಂಟ್ ಎನ್ನುತ್ತಾರೆ: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಸಣ್ಣದೆಂದರೆ ಅವರ ಲೆಕ್ಕದಲ್ಲಿ ಸಣ್ಣದು. ನನ್ನ ಮೊಣಕಾಲಿನ ಲೆಕ್ಕ ಬೇರೆ.

ಈಜು ನನಗೆ ಹೊಸದಲ್ಲ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಊರ ಕೆರೆಯಲ್ಲಿ ಅಣ್ಣಂದಿರ ಜೊತೆ ಕಲಿತಿದ್ದೆ. ದೊಡ್ಡವಳಾದ ದಿನ ಅಮ್ಮ ಬುರುಡೆಯನ್ನು ಅಟ್ಟಕ್ಕೆ ಹಾಕಿದಳು. ಅಣ್ಣಂದಿರು ಈಜುತ್ತಲೇ ಇದ್ದರು, ನಾನು ಅವರ ಒದ್ದೆ ಬಟ್ಟೆ ಹರವುತ್ತಿದ್ದೆ. ಸೈಕಲ್ ಬಂದದ್ದು ಇನ್ನೂ ತಡವಾಗಿ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ, ಶಾಲೆಯ ಮೈದಾನದಲ್ಲಿ ನಿಂತು ಹೆಸರು ಕೂಗಿ ಹಂಚಿದವಳು ನಾನು. ಆರು ತಿಂಗಳಲ್ಲಿ ಆ ಹುಡುಗಿಯರು ತಲೆ ಎತ್ತಿ ನಡೆಯುವ ರೀತಿಯೇ ಬದಲಾಯಿತು. ಒಂದು ಸಂಜೆ ಯಾರೂ ಇಲ್ಲದ ಮೈದಾನದಲ್ಲಿ ಒಬ್ಬ ಹುಡುಗಿಯ ಸೈಕಲ್ ಕೇಳಿ ತೆಗೆದುಕೊಂಡು, ಸೀರೆ ಎತ್ತಿ ಕಟ್ಟಿ, ಬಿದ್ದು ಎದ್ದು ಕಲಿತೆ. ಮಗಳು ಕೆಲಸಕ್ಕೆಂದು ಬೆಂಗಳೂರಿಗೆ ಹೋದಾಗ ಅವಳ ಗೇರ್ ಸೈಕಲ್ ನನ್ನ ಪಾಲಿಗೆ ಬಂತು. ಈಜುಕೊಳದ ಲೇಡೀಸ್ ಬ್ಯಾಚಿಗೆ ಸೇರಿದ್ದು ಆಮೇಲೆ. ಹೀಗೆ ಕೆರೆಯಿಂದ ಎದ್ದು ನಲವತ್ತು ವರ್ಷ ಒಣಗಿ ಮತ್ತೆ ನೀರಿಗಿಳಿದೆ.

ಸ್ಪರ್ಧೆ ಇದ್ದದ್ದು 2023ರ ಡಿಸೆಂಬರಿನ ಒಂದು ಭಾನುವಾರ. ಈಜನ್ನು ಮೊದಲಿಟ್ಟಿರುವುದಕ್ಕೆ ಕಾರಣವಿದೆ. ದಣಿದವರು ಸೈಕಲ್ ಮೇಲಿದ್ದರೆ ಇಳಿದು ನಿಲ್ಲಬಹುದು, ನೀರಿನಲ್ಲಿ ಹಾಗೆ ನಿಲ್ಲಲಾಗದು. ನಮ್ಮದು 25 ಮೀಟರಿನ ಕೊಳ. ಹೋಗಿ ಬಂದರೆ ಐವತ್ತು, ಅಂಥ ಹದಿನೈದು ಸುತ್ತು. ಮುಖ ನೀರಿನಲ್ಲಿದ್ದಾಗ ಎಣಿಕೆ ತಪ್ಪುತ್ತದೆ ಎಂದು ಕನ್ನಡ ಟೀಚರಾದ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಸುತ್ತಿಗೊಂದು ಅಕ್ಷರ. ಕ-ವರ್ಗ, ಚ-ವರ್ಗ, ಟ-ವರ್ಗ ಸೇರಿ ಸರಿಯಾಗಿ ಹದಿನೈದು. ‘ಕ’ದಿಂದ ಹೊರಟು ‘ಣ’ಕ್ಕೆ ಮುಟ್ಟಿದರೆ ಮುಗಿಯಿತು.

‘ಢ’ ಮುಗಿಸಿ ಗೋಡೆ ಮುಟ್ಟಿದೆ. ದಡದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲೇಜು ಹುಡುಗಿ ಬಗ್ಗಿ, “ಆಂಟಿ, ಆಯ್ತು! ಬನ್ನಿ, ಬನ್ನಿ!” ಎಂದು ಕೂಗಿದಳು. ಒಂದು ಕ್ಷಣ ನಿಂತೆ. ಎಲ್ಲೋ ಒಂದು ಅಕ್ಷರವನ್ನು ಎರಡು ಸಲ ಹೇಳಿರಬೇಕು ಅಂದುಕೊಂಡೆ. ಮೇಲೆ ಬಂದೆ.

ಆಮೇಲಿನದು ಗಡಿಬಿಡಿ. ಬಟ್ಟೆ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಒದ್ದೆ ಮೈಗೆ ಅಂಟಿಕೊಂಡ ಚೂಡಿದಾರದೊಳಗೆ ಕಾಲು ತೂರಿಸುವುದು ಎಂಥ ಕುಸ್ತಿಯೆಂದು ನಿಮಗೆ ಹೇಳಬೇಕಾಗಿಲ್ಲ. ಹೆಲ್ಮೆಟ್ ಬಕಲ್ ಹಾಕದೆ ಸೈಕಲ್ ಎತ್ತುವಂತಿಲ್ಲ. ತೀರ್ಥಹಳ್ಳಿ ರಸ್ತೆಯಲ್ಲಿ, ಗಾಜನೂರಿನ ದಿಕ್ಕಿಗೆ, ಹತ್ತು ಕಿಲೋಮೀಟರ್ ಹೋಗಿ ಹತ್ತು ಕಿಲೋಮೀಟರ್ ಬರುವುದು. ಮಂಜು ಇನ್ನೂ ಕರಗಿರಲಿಲ್ಲ. ಸೈಕಲ್ ಇಳಿದು ಓಡತೊಡಗಿದಾಗ ಕಾಲುಗಳು ನನ್ನವೇ ಅಲ್ಲ, ಒಳಕಲ್ಲು ಕಟ್ಟಿಕೊಂಡಂತೆ. ಓಡಿದೆನೋ, ನಡೆದೆನೋ, ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷಕ್ಕೆ ಗೆರೆ ಮುಟ್ಟಿದೆ.

ಐವತ್ತು ದಾಟಿದ ಮಹಿಳೆಯರ ವಿಭಾಗದಲ್ಲಿ ನಾವಿದ್ದದ್ದೇ ಮೂವರು. ಒಬ್ಬರು ಸೈಕಲ್ ಚೈನ್ ಕಳಚಿ ನಿಂತುಬಿಟ್ಟರು. ಇನ್ನೊಬ್ಬರು ಆಸ್ಪತ್ರೆಯೊಂದರ ನರ್ಸ್, ರಾತ್ರಿ ಪಾಳಿ ಮುಗಿಸಿ ನೇರ ಬಂದವರು. ನನಗಿಂತ ಒಂದು ನಿಮಿಷ ಹತ್ತು ಸೆಕೆಂಡ್ ಹಿಂದೆ ಮುಗಿಸಿದರು. ಹೀಗೆ ನಾನು ಪ್ರಥಮ. ಗಂಡಸರಲ್ಲಿ ಗೆದ್ದವರಿಗೆ ಒಳ್ಳೆಯ ಹೆಲ್ಮೆಟ್ ಕೊಟ್ಟರು, ನಮಗೆ ಪ್ರೆಷರ್ ಕುಕ್ಕರ್. ಎಷ್ಟು ದೂರ ಓಡಿದರೂ ಅಡುಗೆಮನೆ ನಮಗಿಂತ ಮುಂದೆ ಓಡಿ ಗೆರೆಯ ಬಳಿ ಕಾದಿರುತ್ತದೆ! ಆದರೂ ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಸೋಮವಾರ ಊರಿನ ಪತ್ರಿಕೆಯಲ್ಲಿ ಫೋಟೋ ಬಂತು. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಸೇವಂತಿಗೆ ಹಾರ ಹಾಕಿದರು.

ಮಂಗಳವಾರ ಸಂಜೆ ಫೋನಿಗೆ ಫಲಿತಾಂಶದ ಪಟ್ಟಿ ಬಂತು. ಈಜು, ಸೈಕಲ್, ಓಟ, ಪ್ರತಿಯೊಂದಕ್ಕೂ ಬೇರೆ ಬೇರೆ ಸಮಯ. ಈಜಿನ ಮುಂದೆ 27 ನಿಮಿಷ ಎಂದಿತ್ತು. ಮೂರು ತಿಂಗಳ ಅಭ್ಯಾಸದಲ್ಲಿ ನಾನು ಒಂದು ದಿನವೂ 29ಕ್ಕಿಂತ ಕಡಿಮೆಗೆ ಮುಗಿಸಿದವಳಲ್ಲ. ನನ್ನ ಒಂದು ಸುತ್ತಿಗೆ ಸುಮಾರು ಎರಡು ನಿಮಿಷ ಬೇಕು. ‘ಣ’ ಹಾಗೇ ಉಳಿದಿತ್ತು. ಅದನ್ನು ಸೇರಿಸಿದರೆ ನರ್ಸಮ್ಮನೇ ಪ್ರಥಮ.

ಅಟ್ಟದ ಮೇಲಿದ್ದ ಕುಕ್ಕರನ್ನು ನೋಡಿದೆ. ಇವರಿಗೆ ಹೇಳಿದೆ.

“ಎಣಿಸಬೇಕಾದವರು ಅವರು, ಆಯ್ತು ಅಂದವರೂ ಅವರು. ಇದರಲ್ಲಿ ನಿನ್ನ ತಪ್ಪೇನಿದೆ?” ಎಂದರು ಇವರು. ಸ್ವಲ್ಪ ಹೊತ್ತು ಬಿಟ್ಟು, “ಹುಟ್ಟಿದಾಗಿನಿಂದ ನಿನಗೆ ಬಿಟ್ಟುಕೊಡುವುದೊಂದೇ ಗೊತ್ತು. ಒಂದು ಸಲವಾದರೂ ಸಿಕ್ಕಿದ್ದನ್ನು ಇಟ್ಟುಕೋ” ಎಂದರು.

ಮೊದಲನೆಯ ಮಾತಿಗೆ ಉತ್ತರ ಸುಲಭವಿತ್ತು. ಅಂಗಡಿಯವನು ಚಿಲ್ಲರೆ ಹೆಚ್ಚು ಕೊಟ್ಟರೆ ತಪ್ಪು ಅವನದು. ಗೊತ್ತಾದ ಮೇಲೂ ಇಟ್ಟುಕೊಂಡರೆ ತಪ್ಪು ನಮ್ಮದು. ಆದರೆ ಎರಡನೆಯ ಮಾತು ರಾತ್ರಿಯಿಡೀ ನಿದ್ದೆ ಕೆಡಿಸಿತು. ಏಕೆಂದರೆ ಅದರಲ್ಲಿ ನಿಜವಿತ್ತು. ಕಾವಲಿಯ ಕೊನೆಯ ದೋಸೆ, ಅದೂ ಹರಿದದ್ದು, ಯಾರ ತಟ್ಟೆಗೆ ಹೋಗುತ್ತದೆ? ಪ್ರಯಾಣದಲ್ಲಿ ಕಿಟಕಿಯ ಪಕ್ಕದ ಸೀಟು ಯಾರು ಬಿಡುತ್ತಾರೆ? ನಾನು ಪ್ರಾಮಾಣಿಕತೆ ಎಂದುಕೊಳ್ಳುತ್ತಿರುವುದು ಹಳೆಯ ಅಭ್ಯಾಸವೇ ಇರಬಹುದೇ? ಒಳ್ಳೆಯದು ನನಗೆ ಸಲ್ಲುವುದಿಲ್ಲ ಎಂದು ಅಮ್ಮ ಬುರುಡೆಯನ್ನು ಅಟ್ಟಕ್ಕೆ ಹಾಕಿದ ದಿನ ಕಲಿತ ಪಾಠವನ್ನೇ ಈಗ ಸತ್ಯ ಎಂದು ಕರೆಯುತ್ತಿದ್ದೇನೆಯೇ?

ಸ್ಪೇನ್ ದೇಶದ ಒಂದು ಸಂಗತಿ ನೆನಪಾಯಿತು. 2020ರಲ್ಲಿ ಸ್ಯಾಂಟಾಂಡರ್ ಊರಿನ ಟ್ರಯಥ್ಲಾನಿನಲ್ಲಿ ಮೂರನೆಯವನಾಗಿ ಬರುತ್ತಿದ್ದ ಜೇಮ್ಸ್ ಟೀಗಲ್ ಕೊನೆಯ ಗಳಿಗೆಯಲ್ಲಿ ದಾರಿ ತಪ್ಪಿದ. ಹಿಂದಿನಿಂದ ಬಂದ ಡಿಯೇಗೊ ಮೆಂಟ್ರಿಡಾ ಅವನನ್ನು ದಾಟಿದವನು ಗೆರೆಯ ಮುಂದೆ ನಿಂತು, ಅವನೇ ಮೊದಲು ಹೋಗಲೆಂದು ಕಾದ. ಜಗತ್ತೆಲ್ಲ ಹೊಗಳಿತು. ಅದನ್ನು ತರಗತಿಯಲ್ಲಿ ಹೇಳಿ ನಾನೂ ಹೊಗಳಿದ್ದೆ. ಆದರೆ ಮೆಂಟ್ರಿಡಾ ತಾನು ಓಡಬೇಕಾದ್ದನ್ನೆಲ್ಲ ಓಡಿದ್ದ. ಆ ಸ್ಥಾನ ಅವನದೇ ಆಗಿತ್ತು, ಅವನು ಅದನ್ನು ಕೊಟ್ಟ. ನಾನು ಕೊಡಲು ಹೊರಟದ್ದು ನನ್ನದಾಗಿತ್ತೇ? ಅಲ್ಲಿಗೆ ಗಂಟು ಸಡಿಲವಾಯಿತು. ನನ್ನದನ್ನು ಕೊಟ್ಟರೆ ಅದು ತ್ಯಾಗ. ನನ್ನದಲ್ಲದ್ದನ್ನು ಹಿಂದಿರುಗಿಸಿದರೆ ಅದು ಲೆಕ್ಕ ಚುಕ್ತಾ ಮಾಡಿದ್ದು, ಅಷ್ಟೇ. ಕೊನೆಯ ದೋಸೆಯ ಮಾತು ಬೇರೆ, ಅದನ್ನು ಇನ್ನು ಮುಂದೆ ನಾನೇ ತಿನ್ನಬಹುದು. ಈ ಕುಕ್ಕರಿನ ಮಾತು ಬೇರೆ.

ಮರುದಿನ ಸಂಘಟಕರ ಬಳಿ ಹೋದೆ. “ಬಿಡಿ ಮೇಡಂ, ಯಾರು ನೋಡುತ್ತಾರೆ?” ಎಂದು ನಕ್ಕರು. ನಾನು ಬಿಡದಿದ್ದಾಗ ಅವರ ಮುಖ ಗಂಭೀರವಾಯಿತು. “ನೀವು ಬರೆದುಕೊಟ್ಟರೆ ನಿಮ್ಮನ್ನು ಎರಡನೆಯವರನ್ನಾಗಿ ಮಾಡಲು ಬರುವುದಿಲ್ಲ. ದೂರ ಪೂರ್ತಿ ಮಾಡದವರು ಸ್ಪರ್ಧೆ ಮುಗಿಸಿದ ಹಾಗಲ್ಲ. ಪಟ್ಟಿಯಿಂದ ಹೆಸರೇ ಹೋಗುತ್ತದೆ. ಯೋಚಿಸಿ.”

ಇದನ್ನು ನಾನು ಎಣಿಸಿರಲಿಲ್ಲ. ಪ್ರಥಮ ಹೋದರೂ ‘ಮುಗಿಸಿದವಳು’ ಎಂಬುದು ಉಳಿಯುತ್ತದೆ ಅಂದುಕೊಂಡಿದ್ದೆ. ಆ ಮಂಜಿನ ರಸ್ತೆ, ಆ ಒಳಕಲ್ಲಿನ ಕಾಲು ಎಲ್ಲವೂ ಕಾಗದದ ಮೇಲಿಂದ ಹೋಗುತ್ತವೆ. ಪೆನ್ನು ಹಿಡಿದವಳು ಬಹಳ ಹೊತ್ತು ಕೂತಿದ್ದೆ. ಸಂಘಟಕರು ಚಹಾ ತರಿಸಿದರು. ಆರಿದ ಚಹಾ ಕುಡಿದು ಬರೆದುಕೊಟ್ಟೆ.

ಅಲ್ಲಿಂದ ಕುಕ್ಕರ್ ಹಿಡಿದು ನರ್ಸ್ ಮನೆಗೆ. ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಗೊತ್ತಿತ್ತು, ಈಗ “ಅಯ್ಯೋ, ಇಷ್ಟಕ್ಕೆಲ್ಲ ಯಾಕೆ ಟೀಚರ್, ಕುಕ್ಕರ್ ನೀವೇ ಇಟ್ಟುಕೊಳ್ಳಿ” ಎನ್ನುತ್ತಾರೆ ಎಂದು. ನಾವು ಹೆಂಗಸರು ಹಾಗೆ ತಾನೇ ಅನ್ನುವುದು?

ಅವರು ಅನ್ನಲಿಲ್ಲ. “ನಾನು ಮೂವತ್ತು ಸಲ ಗೋಡೆ ಮುಟ್ಟಿದ್ದೆ ಟೀಚರ್. ಒಂದೊಂದನ್ನೂ ಎಣಿಸಿದ್ದೆ. ಹಿಂದೆ ಬಿದ್ದದ್ದು ಹೇಗೆ ಅಂತ ಎರಡು ದಿನದಿಂದ ಯೋಚನೆ ಮಾಡ್ತಿದ್ದೆ. ನನ್ನ ಹೆಸರು ಮೇಲಿನ ಸಾಲಿಗೆ ಬರುತ್ತಲ್ಲ?” ಎಂದು ಕೇಳಿದರು. ಬರುತ್ತದೆ ಎಂದೆ. “ಒಳ್ಳೇದಾಯ್ತು” ಎಂದು ಕುಕ್ಕರ್ ತೆಗೆದುಕೊಂಡು ಒಳಗಿಟ್ಟು ಬಂದು, ನನಗೆ ಕಾಫಿ ಕೊಟ್ಟರು.

ದಾರಿಯಲ್ಲಿ ನನಗೆ ಸಣ್ಣಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಒಪ್ಪಿಕೊಂಡರೆ ಸತ್ಯವಂತೆ ಎನಿಸಿಕೊಳ್ಳಬಹುದು, ಕುಕ್ಕರೂ ಉಳಿಯಬಹುದು ಎಂಬ ವ್ಯಾಪಾರ ನನ್ನೊಳಗೆ ನಡೆದಿತ್ತಲ್ಲ! ತನಗೆ ಸಲ್ಲಬೇಕಾದ್ದನ್ನು ಎರಡು ಕೈಯಿಂದ ನೇರವಾಗಿ ತೆಗೆದುಕೊಳ್ಳುವುದು ಹೇಗೆಂದು ಆ ರಾತ್ರಿ ಪಾಳಿಯ ಹೆಂಗಸು ನನಗೆ ಕಲಿಸಿದರು. ಕೊಡುವುದನ್ನು ನಮಗೆ ಎಲ್ಲರೂ ಕಲಿಸುತ್ತಾರೆ. ತೆಗೆದುಕೊಳ್ಳುವುದೂ ಒಂದು ಪ್ರಾಮಾಣಿಕತೆಯೇ.

ಹಾರ ಹಾಕಿಸಿಕೊಂಡ ಪ್ರಾರ್ಥನೆಯಲ್ಲೇ ನಿಂತು ಮಕ್ಕಳಿಗೆ ಎಲ್ಲ ಹೇಳಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಚೀಟಿ ಸಮೇತ ಹಿಡಿದು ನಾನೇ ಸೊನ್ನೆ ಕೊಟ್ಟಿದ್ದ ಹುಡುಗನೊಬ್ಬ ಆಮೇಲೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದ. “ಮಿಸ್, ಯಾರೂ ನೋಡಿರಲಿಲ್ಲ ಅಲ್ವಾ?” ಎಂದ. ದೊಡ್ಡ ಉತ್ತರ ಯಾವುದೂ ತೋಚಲಿಲ್ಲ. “ನಾನು ಎಣಿಸಿದ್ದೆ ಕಣೋ” ಎಂದೆ. ಅವನು ತಲೆ ಕೆರೆದುಕೊಂಡು ಹೋದ.

ಒಂದು ವರ್ಷ ಕಳೆದು 2024ರ ಡಿಸೆಂಬರಿನಲ್ಲಿ ಮತ್ತೆ ಹೋದೆ. ನಮ್ಮ ವಿಭಾಗದಲ್ಲಿ ಈ ಸಲ ಐವರಿದ್ದೆವು. ‘ಢ’ ಮುಗಿಸಿ ಗೋಡೆ ಮುಟ್ಟಿದಾಗ ದಡದ ಹುಡುಗಿ, “ಆಂಟಿ, ಇನ್ನೊಂದು ಇದೆ!” ಎಂದು ಕೂಗಿದಳು. “ಗೊತ್ತು ಕಣಮ್ಮಾ” ಎನ್ನಲು ಹೋಗಿ ಬಾಯಿಗೆ ನೀರು ನುಗ್ಗಿತು. ಕೆಮ್ಮುತ್ತ ಕೆಮ್ಮುತ್ತಲೇ ‘ಣ’ ಮುಗಿಸಿದೆ. ನರ್ಸ್ ಎರಡನೆಯವರು, ನಾನು ನಾಲ್ಕನೆಯವಳು. ಪಟ್ಟಿಯಲ್ಲಿ ಹೆಸರಿದೆ.