ಬೆಲೆಯೆಂಬ ಪ್ರಮೇಯ

ವಸ್ತುವಿನ ಮೌಲ್ಯವು ಆ ವಸ್ತುವಿನಲ್ಲಿಯೇ ನೆಲಸಿರುವ ಗುಣವೋ, ಕೊಳ್ಳಬಂದವನ ಬುದ್ಧಿಯಲ್ಲಿ ಆ ಕ್ಷಣಕ್ಕೆ ಹುಟ್ಟುವ ಭಾವವೋ ಎಂಬ ಪುರಾತನ ಜಿಜ್ಞಾಸೆಯು ಈಗ ಮಠಗಳಲ್ಲಿಗಿಂತ ಬ್ಯಾಂಕುಗಳ ಲೆಕ್ಕದ ಪುಸ್ತಕಗಳಲ್ಲಿ ಹೆಚ್ಚು ಜೀವಂತವಾಗಿದೆ. ರಿಸರ್ವ್ ಬ್ಯಾಂಕು 2023ರಲ್ಲಿ ಹೊರಡಿಸಿ 2024ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನವು ಹೂಡಿಕೆಗಳ ನ್ಯಾಯಯುತ ಮೌಲ್ಯವನ್ನು ಮೂರು ಸ್ತರಗಳಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. ಸಕ್ರಿಯ ಪೇಟೆಯಲ್ಲಿ ಅದೇ ಹೂಡಿಕೆಪತ್ರಕ್ಕೆ ಕಾಣುವ ದರ ಮೊದಲನೆಯದು. ತತ್ಸದೃಶ ಪತ್ರಗಳಿಂದಲೂ ಬಡ್ಡಿಯ ಗತಿಯಿಂದಲೂ ತಿಳಿಯುವುದು ಎರಡನೆಯದು. ಪೇಟೆಯಲ್ಲಿ ಗೋಚರಿಸದ ಅಂಶಗಳನ್ನು ಊಹಿಸಿ ಗಣಿತದಿಂದ ಸಾಧಿಸುವುದು ಮೂರನೆಯದು. ನೈಯಾಯಿಕನು ಇವನ್ನು ಪ್ರತ್ಯಕ್ಷ, ಉಪಮಾನ, ಅನುಮಾನಗಳೆಂದು ಗುರುತಿಸಿ, ಮೂರನೆಯದರಲ್ಲಿ ಹೇತ್ವಾಭಾಸವನ್ನು ಅರಸತೊಡಗುತ್ತಿದ್ದನು. ಲೆಕ್ಕಪರಿಶೋಧಕನು ಮಾಡುವುದೂ ಅದನ್ನೇ.

ವಿಚಿತ್ರವೆಂದರೆ, ಆ ನಿರ್ದೇಶನವು ಗ್ರಾಮೀಣ ಬ್ಯಾಂಕುಗಳನ್ನು ಹೊರಗಿರಿಸಿತು. ಆದುದರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಗ್ರಾಮೀಣ ಬ್ಯಾಂಕೂ ಅದರ ಪ್ರಾಯೋಜಕವಾದ ಕೆನರಾ ಬ್ಯಾಂಕೂ ಒಂದೇ ಸರಕಾರೀ ಸಾಲಪತ್ರವನ್ನು ಭಿನ್ನ ನಿಯಮಗಳಿಂದ ಅಳೆಯುವಂತಾಯಿತು. ಪತ್ರವು ಬದಲಾಗಲಿಲ್ಲ.

ಸಿರುಗುಪ್ಪದ ರೈತನು ಮಾರದೆ ಕೂಡಿಟ್ಟ ಭತ್ತಕ್ಕೆ ದಿನದಿನದ ದರವನ್ನು ಕೇಳಿ ಹಿಗ್ಗಿ ಕುಗ್ಗುವಂತೆ, ಮಾರಾಟಕ್ಕೆಂದು ಇರಿಸಿದ ಪತ್ರವೂ ಪೇಟೆಯೊಡನೆ ಏರಿಳಿಯುತ್ತದೆ. ಅವಧಿಯ ಪರ್ಯಂತ ಇರಿಸುವ ಸಂಕಲ್ಪವುಳ್ಳ ಪತ್ರಕ್ಕಾದರೋ ಲೆಕ್ಕದಲ್ಲಿ ಆ ಚಾಂಚಲ್ಯವಿಲ್ಲ. ಸಂಕಲ್ಪವು ಬೆಲೆಯನ್ನು ನಿರ್ಣಯಿಸುವ ಈ ವ್ಯವಸ್ಥೆ ನನಗೆ ಪೂರ್ಣ ಒಪ್ಪಿಗೆಯಲ್ಲ, ಏಕೆಂದರೆ ಠೇವಣಿದಾರರು ಒಮ್ಮೆಗೇ ಹಣ ಕೇಳಿದಾಗ ಸಂಕಲ್ಪ ಉಳಿಯದು. ನ್ಯಾಯಯುತ ಮೌಲ್ಯದ ಲಕ್ಷಣವೇ ವಸ್ತುವನ್ನು ಬಿಟ್ಟುಕೊಡುವಾಗ ದೊರೆಯುವ ಬೆಲೆ; ಹಾಗಾಗಿ ಕುರುಗೋಡಿನ ದೊಡ್ಡಬಸವೇಶ್ವರ ದೇವಾಲಯದ ಬೃಹತ್ ನಂದಿಗೆ, ಮಾರುವವನೇ ಇಲ್ಲದ ಕಾರಣ, ಮೂರನೆಯ ಸ್ತರದಲ್ಲಿಯೂ ಅಂಕಿಯನ್ನು ಬರೆಯಲಾಗದು.