ಉಂಡ ಮನೆಯ ಜಂತಿ

ನನಗೆ ಮೂರು ಊರುಗಳು. ತವರು ಹಾವೇರಿ, ಗಂಡನ ಮನೆ ರಾಣೆಬೆನ್ನೂರು, ನೌಕರಿ ಬ್ಯಾಡಗಿ. ಮೂರೂ ಒಂದೇ ರೈಲುದಾರಿಯ ಮೇಲಿವೆ. ಆದರೂ "ನಿಮ್ಮೂರು ಯಾವುದ್ರಿ?" ಎಂದು ಯಾರಾದರೂ ಕೇಳಿದರೆ ಇಂದಿಗೂ ಒಂದು ಕ್ಷಣ ತಡವರಿಸುತ್ತೇನೆ. ತವರಿನ ಹೆಸರು ಹೇಳಿದರೆ ಗಂಡನ ಮನೆಯವರಿಗೆ ಬೇಸರ, ಗಂಡನ ಊರು ಹೇಳಿದರೆ ಅವ್ವನಿಗೆ ಬೇಸರ. ಅನ್ನ ಹಾಕಿದ ಬ್ಯಾಡಗಿಯ ನೆನಪು ಯಾರಿಗೂ ಬರುವುದಿಲ್ಲ.

2025ರ ಜನವರಿ 18, ಶನಿವಾರ. ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿತ್ತು. ಬೆಳಗಿನ ಶಾಲೆ ಮುಗಿಸಿ ಹಾವೇರಿಯ ತವರುಮನೆಗೆ ಹೋಗಿದ್ದೆ. ಟಿ.ವಿ.ಯಲ್ಲಿ ವಿಜಯ್ ಹಜಾರೆ ಟ್ರೋಫಿಯ ಫೈನಲ್ ನಡೆದಿತ್ತು. ವಡೋದರದಲ್ಲಿ ಕರ್ನಾಟಕಕ್ಕೂ ವಿದರ್ಭಕ್ಕೂ ಆಟ. ನನಗೆ ಕ್ರಿಕೆಟ್ಟಿನ ಒಳಗುಟ್ಟು ತಿಳಿಯದು. ಆದರೆ ನನ್ನ ತಮ್ಮನಿಗೆ ಅದೇ ಊಟ, ಅದೇ ನಿದ್ದೆ. ದೀಪ ಹಚ್ಚುವ ಹೊತ್ತಿಗೆ ವಿದರ್ಭದ ನಾಯಕ ಬ್ಯಾಟು ಹಿಡಿದು ಒಳಗೆ ಬಂದ. ತಮ್ಮ ಕುರ್ಚಿಯ ತುದಿಗೆ ಸರಿದು ಹೇಳಿದ: "ನೋಡಕ್ಕ, ಬಂದ. ಉಂಡ ಮನೀ ಜಂತಿ ಎಣಿಸಾಕ ಬಂದಾನ."

ಆ ನಾಯಕ ಕರುಣ್ ನಾಯರ್. ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕದ ಪರವಾಗಿ ಆಡಿ ದೊಡ್ಡವನಾದ ಆಟಗಾರ. ಅಂದಿನವರೆಗೆ ಆ ಪಂದ್ಯಾವಳಿಯಲ್ಲಿ 752 ರನ್ ಮಾಡಿ ಒಂದೇ ಒಂದು ಸಲ ಔಟಾಗಿದ್ದನಂತೆ, ಐದು ಶತಕ ಬೇರೆ. ಅಂದು ಮಾತ್ರ 27 ರನ್ನಿಗೆ ನಮ್ಮವನೇ ಆದ ಪ್ರಸಿದ್ಧ ಕೃಷ್ಣನ ಚೆಂಡಿಗೆ ಬೌಲ್ಡ್ ಆದ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗರು ಹಾಸಿಗೆಯ ಮೇಲೆ ಕುಣಿದರು. ನಾನೂ ಕೈ ಎತ್ತಿದೆ, ಆದರೆ ತಟ್ಟಲಾಗಲಿಲ್ಲ. ತಲೆ ತಗ್ಗಿಸಿ ನಡೆದುಹೋಗುತ್ತಿದ್ದವನ ಬೆನ್ನು ನೋಡಿ ನನಗೆ ಇನ್ನಾರದೋ ನೆನಪಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಕರ್ನಾಟಕ 36 ರನ್ನಿನಿಂದ ಗೆದ್ದಿತು. ಊಟಕ್ಕೆ ಕೂತಾಗ ತಮ್ಮನನ್ನು ಕೇಳಿದೆ: "ಅಂವಾ ಯಾಕ ಬಿಟ್ಟು ಹೋದ?"

"ಇಲ್ಲಿ ತಗೊಳ್ಳಲಿಲ್ಲ, ಹೋದ."

"ಮತ್ತ ಜಂತಿ ಎಣಿಸಿದ ಅಂತೀಯಲ್ಲ?"

ತಮ್ಮ ರೊಟ್ಟಿ ಮುರಿಯುತ್ತ ಸುಮ್ಮನಾದ.

ಅವನಿಂದಲೇ ಉಳಿದದ್ದನ್ನೂ ಕೇಳಿ ತಿಳಿದುಕೊಂಡೆ. 2015ರಲ್ಲಿ ಮುಂಬಯಿಯಲ್ಲಿ ತಮಿಳುನಾಡಿನ ಎದುರು ನಡೆದ ರಣಜಿ ಫೈನಲ್ಲಿನಲ್ಲಿ ಕರುಣ್ 328 ರನ್ ಹೊಡೆದು ಕರ್ನಾಟಕಕ್ಕೆ ಟ್ರೋಫಿ ತಂದಿದ್ದ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303. ಟೆಸ್ಟಿನಲ್ಲಿ ಮುನ್ನೂರು ದಾಟಿದವರು ಭಾರತದಲ್ಲಿ ವೀರೇಂದ್ರ ಸೆಹವಾಗ್ ಬಿಟ್ಟರೆ ಇವನೊಬ್ಬನೇ. ಅಂಥವನಿಗೆ 2017ರ ಮಾರ್ಚಿನ ನಂತರ ಎಂಟು ವರ್ಷ ಟೆಸ್ಟ್ ಆಡುವ ಯೋಗ ಬರಲಿಲ್ಲ. ಕೊನೆಗೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2023ರಲ್ಲಿ ರಾಜ್ಯ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ನಾಗಪುರದ ದಾರಿ ಹಿಡಿದ. ಮರುವರ್ಷ ಫೆಬ್ರುವರಿಯಲ್ಲಿ ಅದೇ ನಾಗಪುರದಲ್ಲಿ ರಣಜಿ ಕ್ವಾರ್ಟರ್ ಫೈನಲ್ ಆಡಲು ಬಂದ ಕರ್ನಾಟಕದ ಎದುರು 90 ರನ್ ಮಾಡಿದ. ಕರ್ನಾಟಕ ಸೋತು ಮನೆಗೆ ಬಂತು. ತಮ್ಮನ ಸಿಟ್ಟಿನ ಬೇರು ಅಲ್ಲಿತ್ತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ವಡೋದರದ ಆ ಫೈನಲ್ಲಿನಲ್ಲಿ ಕರ್ನಾಟಕದ ಪರ 101 ರನ್ ಹೊಡೆದವನು ಸ್ಮರಣ್ ಎಂಬ 21 ವರ್ಷದ ಹುಡುಗ. ಹಳಬರು ಜಾಗ ಬಿಡದಿದ್ದರೆ ಇಂಥ ಹುಡುಗರು ಎಲ್ಲಿ ಕೂಡಬೇಕು? ತಂಡ ಕಟ್ಟುವವರಿಗೂ ಒಂದು ಧರ್ಮವಿದೆ. ಆದರೆ ಮನೆಯಲ್ಲಿ ಎಲೆ ಹಾಕುವುದಿಲ್ಲ ಎಂದ ಮೇಲೆ ಆತ ಬೇರೆ ಮನೆಯಲ್ಲಿ ಉಂಡರೆ ಅದಕ್ಕೆ ದ್ರೋಹ ಎನ್ನುವ ಹಕ್ಕು ನಮಗಿದೆಯೇ? ಎರಡು ಕಡೆಯೂ ತಪ್ಪಿಲ್ಲದೆ ಸಂಬಂಧ ಮುರಿಯಬಹುದು ಎಂಬುದನ್ನು ಒಪ್ಪಲು ನಮ್ಮ ಮನಸ್ಸಿಗೆ ಕಷ್ಟ. ಯಾರನ್ನಾದರೂ ಒಬ್ಬರನ್ನು ಕಳ್ಳನೆಂದರೇ ನಮಗೆ ಸಮಾಧಾನ.

ಅದೇ ವರ್ಷ ಏಪ್ರಿಲ್ 10ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೆ. ಎಲ್. ರಾಹುಲ್ ಡೆಲ್ಲಿ ತಂಡದ ಪರ ಔಟಾಗದೆ 93 ರನ್ ಮಾಡಿ ಬೆಂಗಳೂರು ತಂಡವನ್ನು ಸೋಲಿಸಿದ. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಗೆರೆ ಎಳೆದು, ಬ್ಯಾಟನ್ನು ಅಲ್ಲೇ ಊರಿ ನಿಂತ. ಇದು ನನ್ನ ಅಂಗಳ ಎಂಬ ಅರ್ಥದಲ್ಲಿ. ನಮ್ಮ ಮನೆಯ ಹುಡುಗರು ಅಂದು ಉಣ್ಣಲಿಲ್ಲ. "ಮೋಸಗಾರ" ಎಂದರು. ನಾನು ಅವರಿಗೆ ಕೇಳಿದೆ: 2024ರ ನವೆಂಬರಿನ ಹರಾಜಿನಲ್ಲಿ ಅವನ ಹೆಸರು ಬಂದಾಗ ಬೆಂಗಳೂರಿನವರು ಕೂಗಿ ನಡುವೆ ಸುಮ್ಮನಾದರು, ಡೆಲ್ಲಿಯವರು 14 ಕೋಟಿಗೆ ಕೊಂಡರು. ಇದರಲ್ಲಿ ಅವನು ಬಿಟ್ಟದ್ದು ಏನು, ನಾವು ಬಿಟ್ಟದ್ದು ಏನು?

ಬ್ಯಾಡಗಿಯಲ್ಲಿ ಕೆಲಸ ಮಾಡುವವಳಿಗೆ ಹರಾಜು ಹೊಸದಲ್ಲ. ಸೋಮವಾರ, ಗುರುವಾರ ಮೆಣಸಿನಕಾಯಿ ಪೇಟೆ ತುಂಬಿದರೆ ನಮ್ಮ ಶಾಲೆಯ ಹುಡುಗರು ಪಾಠದ ನಡುವೆ ಸೀನುತ್ತಾರೆ. ಚೀಲಗಳ ಮುಂದೆ ರೈತ ನಿಂತಿರುತ್ತಾನೆ. ವರ್ತಕರು ದರ ಬರೆಯುತ್ತಾರೆ. ದರ ಮನಸ್ಸಿಗೆ ಬರದಿದ್ದರೆ ರೈತ ತನ್ನ ಮಾಲು ಕೊಡುವುದಿಲ್ಲ ಎನ್ನಬಹುದು. ಮೆಣಸಿನಕಾಯಿ ಮಾತ್ರ ಏನೂ ಅನ್ನುವಂತಿಲ್ಲ. ಹರಾಜಿನಲ್ಲಿ ಆಟಗಾರ ಕೋಟಿ ಎಣಿಸಿದರೂ, ಯಾವ ಊರಿಗೆ ಎಂಬ ಪ್ರಶ್ನೆಯಲ್ಲಿ ಅವನು ರೈತನಲ್ಲ, ಮೆಣಸಿನಕಾಯಿ.

ಅಮೇರಿಕದ ಬಾಸ್ಕೆಟ್‌ಬಾಲ್ ಆಟಗಾರರು ಇದನ್ನೇ ಪ್ರಶ್ನಿಸಿ ಹೋರಾಡಿದವರು. ಆಸ್ಕರ್ ರಾಬರ್ಟ್‌ಸನ್ ಎಂಬ ಆಟಗಾರ 1970ರಲ್ಲಿ ಆಟಗಾರರ ಸಂಘದ ಮುಖಂಡನಾಗಿ ಕೋರ್ಟಿಗೆ ಹೋದ. 1976ರಲ್ಲಿ ರಾಜಿಯಾಯಿತು. ಕರಾರು ಮುಗಿದವನು ತನಗೆ ಬೇಕಾದ ತಂಡ ಸೇರುವ ದಾರಿ ಅಲ್ಲಿಂದ ಮೆಲ್ಲಗೆ ತೆರೆಯಿತು. ಆದರೆ ಸ್ವಾತಂತ್ರ್ಯ ಸಿಕ್ಕ ಮೇಲೆ ಇನ್ನೊಂದು ಕಷ್ಟ. 2010ರ ಜುಲೈಯಲ್ಲಿ ಲೆಬ್ರಾನ್ ಜೇಮ್ಸ್ ತನ್ನ ಸೀಮೆಯದೇ ಆದ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟು ಮಯಾಮಿಗೆ ಹೊರಟ. ಹೊರಟ ಸುದ್ದಿಯನ್ನು ಟಿ.ವಿ.ಯ ಕಾರ್ಯಕ್ರಮದಲ್ಲಿ ಕೂತು ಇಡೀ ದೇಶಕ್ಕೆ ಸಾರಿದ. ಊರಿನ ಜನ ಅವನ ಹೆಸರಿನ ಅಂಗಿಗಳನ್ನು ಬೀದಿಯಲ್ಲಿ ಸುಟ್ಟರು. ನಾಲ್ಕು ವರ್ಷದ ಮೇಲೆ ಅವನು ಹಿಂದಿರುಗಿ ಬಂದ. 2016ರಲ್ಲಿ ಆ ಊರಿಗೆ ಬಿರುದು ಗೆದ್ದುಕೊಟ್ಟ. ಸುಟ್ಟ ಜನವೇ ಮೆರವಣಿಗೆಯಲ್ಲಿ ನಿಂತರು. ಅವನು ಹೋದದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಅವ್ವನಿಗೆ ಹೇಳುವ ಮೊದಲು ಓಣಿಗೆ ಹೇಳಿದ್ದು ತಪ್ಪು.

ಸೋದರಿಯರೇ, ನಾವು ಹೆಣ್ಣುಮಕ್ಕಳು ಈ ವಿಷಯದಲ್ಲಿ ಗಂಡಸರಿಗಿಂತ ಹೆಚ್ಚು ಬಲ್ಲವರು. ನಮ್ಮೆಲ್ಲರದೂ ತಂಡ ಬದಲಾದ ಬಾಳೇ. ಇಪ್ಪತ್ತೊ ಇಪ್ಪತ್ತೆರಡೊ ವರ್ಷ ಒಂದು ಮನೆಯ ಅನ್ನ ಉಂಡು, ಒಂದು ಮಧ್ಯಾಹ್ನ ಅಕ್ಕಿಕಾಳು ಬಿದ್ದೊಡನೆ ಇನ್ನೊಂದು ಮನೆಯ ಹೆಸರು ಹೊತ್ತೆವು. ಯಾರೂ ನಮ್ಮನ್ನು ದ್ರೋಹಿ ಎನ್ನಲಿಲ್ಲ. ಬದಲಾಗಿ, ಹೋಗದಿದ್ದರೆ ಅಂದಾರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆಯನ್ನೇ ಕಟ್ಟಿದರು. ತವರಿನಲ್ಲಿ ಕೂತು ಅತ್ತೆಯ ಕೈಯ ಸಾರನ್ನು ಹೊಗಳಿದರೆ ಅವ್ವನ ಮುಖ ಸಣ್ಣದಾಗುತ್ತಿತ್ತು. ಗಂಡನ ಮನೆಯಲ್ಲಿ ಅವ್ವನ ಹೋಳಿಗೆ ನೆನೆದರೆ ಅತ್ತೆ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ಕಲಿತದ್ದು ಇಷ್ಟು: ಒಂದು ಮನೆಯನ್ನು ಪ್ರೀತಿಸಲು ಇನ್ನೊಂದನ್ನು ಮರೆಯಬೇಕಾಗಿಲ್ಲ. ಗಂಡುಮಗ ತಾನೇ ಯೋಚಿಸಿ ಹೋದರೆ ದ್ರೋಹ, ಹೆಣ್ಣುಮಗಳನ್ನು ಕೇಳದೆ ಕಳಿಸಿದರೆ ಧರ್ಮ ಎನ್ನುವ ಲೆಕ್ಕ ಮಾತ್ರ ನನಗೆ ಇನ್ನೂ ಬಿಡಿಸಲಾಗಿಲ್ಲ.

ಈಗ ಆ ಇನ್ನೊಂದು ನೆನಪು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕಬಡ್ಡಿಗೆ ಹುಟ್ಟಿದವಳು. ಎದುರಿನವರ ಅಂಗಳಕ್ಕೆ ನುಗ್ಗಿದರೆ ಮುಟ್ಟದೆ ಬಂದವಳಲ್ಲ. ಅವಳ ತಾಯಿ ಪೇಟೆಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಕಿಲೋದ ಲೆಕ್ಕದಲ್ಲಿ ಕೂಲಿ. ಹುಡುಗಿಯರ ತಂಡದ ಜೊತೆ ಹೋಗಲು ಹೆಣ್ಣು ಶಿಕ್ಷಕಿ ಬೇಕೆಂದು ನನ್ನನ್ನು ಕಳಿಸುತ್ತಿದ್ದರು. ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಳು.

ಜಿಲ್ಲಾ ಮಟ್ಟದಲ್ಲಿ ನಮಗೆ ಯಾವಾಗಲೂ ಅಡ್ಡ ಬರುತ್ತಿದ್ದುದು ಪಕ್ಕದ ತಾಲೂಕಿನ ಒಂದು ದೊಡ್ಡ ಶಾಲೆ. ಆ ವರ್ಷ ಅವರು ಹುಡುಗಿಯನ್ನು ಕೇಳಿ ಬಂದರು. ಹಾಸ್ಟೆಲ್, ಊಟ, ದಿನಾ ಹಾಲು ಮೊಟ್ಟೆ, ಆಟ ಕಲಿಸಲು ಪೂರ್ಣ ಹೊತ್ತಿನ ಕೋಚ್, ಎಲ್ಲ ಪುಕ್ಕಟೆ. ಅವರೇನೂ ಪುಣ್ಯಕ್ಕೆ ಬಂದಿರಲಿಲ್ಲ, ಶೀಲ್ಡ್ ಗೆಲ್ಲಲು ಬಂದಿದ್ದರು. ನಮಗೂ ಅವಳು ಬೇಕಾದದ್ದು ಅದಕ್ಕೇ. ಜೂನ್ ತಿಂಗಳಲ್ಲಿ ತಾಯಿ ಟಿ.ಸಿ. ಕೇಳಲು ಬಂದಳು. ಮೇಲಿನವರು "ಸ್ವಲ್ಪ ತಡೀರಿ, ಮನಸ್ಸು ಬದಲಾದೀತು" ಎಂದರು. ತಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದೆ. ಲೈಬ್ರರಿ ಪುಸ್ತಕ ಬಂದಿಲ್ಲ ಎಂದೆ. ಸಹಿ ಆಗಿಲ್ಲ ಎಂದೆ. "ನಾವು ಬೆಳೆಸಿದ ಹುಡುಗಿ, ನಮ್ಮ ಎದುರಿಗೇ ಆಡಬೇಕೇನು?" ಎಂದು ಆ ತಾಯಿಯನ್ನೇ ಕೇಳಿದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ಮೆಣಸಿನಕಾಯಿಯ ಕೈ, ಎಷ್ಟು ತೊಳೆದರೂ ಉರಿ ಹೋಗದ ಕೈ. "ಅಕ್ಕೋರ, ನೀವು ಆಡಾಕ ಕಲಿಸಿದ್ರಿ. ಕಟ್ಟಿ ಹಾಕಾಕ ಅಲ್ಲಲ್ರಿ" ಎಂದಳು. ಜೋರಾಗಿ ಅನ್ನಲಿಲ್ಲ.

ಟಿ.ಸಿ. ಸಿದ್ಧವಾಗುವ ಹೊತ್ತಿಗೆ ಅಲ್ಲಿಯ ಹಾಸ್ಟೆಲಿನ ಜಾಗ ತುಂಬಿತ್ತು. ಹುಡುಗಿ ನಮ್ಮಲ್ಲೇ ಉಳಿದಳು. ಆ ವರ್ಷ ನಾವು ತಾಲೂಕು ಗೆದ್ದೆವು. ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು, ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಮತ್ತೆಂದೂ ನನ್ನ ಹೆಗಲ ಮೇಲೆ ತಲೆ ಇಡಲಿಲ್ಲ. ಎಸ್.ಎಸ್.ಎಲ್.ಸಿ. ಆದ ವರ್ಷವೇ ಮದುವೆಯಾಯಿತು. ಅಲ್ಲಿಗೆ ಆಟ ಮುಗಿಯಿತು. ಆ ಶಾಲೆಗೆ ಹೋಗಿದ್ದರೆ ಅವಳು ದೊಡ್ಡ ಆಟಗಾರ್ತಿ ಆಗುತ್ತಿದ್ದಳೇ? ಹೇಳಲಾರೆ. ಆದರೆ ಆಗಬಹುದೋ ಇಲ್ಲವೋ ನೋಡುವ ಹಕ್ಕು ಅವಳದಾಗಿತ್ತು. ಅದನ್ನು ನಾನು ಇಟ್ಟುಕೊಂಡೆ. ಇಟ್ಟುಕೊಂಡು ಅದಕ್ಕೆ ಅಭಿಮಾನ ಎಂದು ಹೆಸರಿಟ್ಟೆ.

ಕೆಲವು ವರ್ಷಗಳ ಹಿಂದೆ ಹಾವೇರಿ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನಾನು ಗುರುತಿಸುವ ಮೊದಲೇ ಬಂದು ಕಾಲಿಗೆ ನಮಸ್ಕರಿಸಿ, ಪಕ್ಕದಲ್ಲಿದ್ದ ಮಗಳಿಗೆ "ಇವ್ರು ನನಗ ಕಲಿಸಿದ ಅಕ್ಕೋರು" ಎಂದಳು. ದನಿಯಲ್ಲಿ ಯಾವ ದೂರೂ ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ತರಗತಿಯಲ್ಲಿ ನಾನು ಕರ್ಣನ ಕಥೆಯನ್ನೂ ಹೇಳುತ್ತೇನೆ, ವಿಭೀಷಣನ ಕಥೆಯನ್ನೂ ಹೇಳುತ್ತೇನೆ. ತನ್ನ ಹುಟ್ಟು ತಿಳಿದ ಮೇಲೂ ಕರ್ಣ ಅನ್ನವಿಟ್ಟವನ ಪಕ್ಷ ಬಿಡಲಿಲ್ಲ. ಅಣ್ಣನ ತಪ್ಪನ್ನು ಅವನ ಮುಖಕ್ಕೇ ಹೇಳಿ, ಕೇಳದಿದ್ದಾಗ ವಿಭೀಷಣ ಲಂಕೆ ಬಿಟ್ಟ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು "ಟೀಚರ್, ಇಬ್ಬರೊಳಗ ಯಾರು ಸರಿ?" ಎಂದಳು. ಅಂದು ಗಂಟೆ ಹೊಡೆದು ನನ್ನ ಮಾನ ಉಳಿಯಿತು. ಇಂದಾದರೆ ಹೇಳಿಯೇನು: ಇದ್ದದ್ದು, ಹೋದದ್ದು ಮುಖ್ಯವಲ್ಲ ಮಗಳೇ. ಇದ್ದವನು ತಾನೇ ನಿಶ್ಚಯಿಸಿ ಇದ್ದ, ಅವನನ್ನು ಯಾರೂ ಕಟ್ಟಿ ಹಾಕಿರಲಿಲ್ಲ. ಹೋದವನು ಎದುರು ನಿಂತು ಹೇಳಿ ಹೋದ, ಕತ್ತಲಲ್ಲಿ ಹಿತ್ತಲ ಬಾಗಿಲಿನಿಂದ ಹೋಗಲಿಲ್ಲ. ಆದರೆ ಹೋದ ಮೇಲೆ ಅವನು ಮನೆಯ ಗುಟ್ಟನ್ನು ಎದುರಿನವರಿಗೆ ಒಪ್ಪಿಸಿದ. ಅಲ್ಲಿಯೇ ನನ್ನ ಮನಸ್ಸು ಅನುಮಾನಿಸುತ್ತದೆ. ಜಂತಿ ಎಣಿಸುವುದು ಎಂದರೆ ಅದು. ಬೇರೆ ಮನೆಯಲ್ಲಿ ಉಣ್ಣುವುದಲ್ಲ.

ಋಣ ಎಂಬುದು ದೊಡ್ಡ ಮಾತು. ಆದರೆ ಕೊಟ್ಟವರೇ ಅದನ್ನು ಹಗ್ಗ ಮಾಡಿಕೊಂಡರೆ ಕೊಟ್ಟದ್ದು ದಾನವಾಗದೆ ಸಾಲವಾಗುತ್ತದೆ. ಹೋಗುವವರ ಕರ್ತವ್ಯ ಮೊದಲು ಮನೆಯವರಿಗೆ ಹೇಳುವುದು, ಹೋದ ಮೇಲೆ ಮನೆಯನ್ನು ಬಯ್ಯದಿರುವುದು. ಕಳಿಸುವವರ ಕರ್ತವ್ಯ ಬುತ್ತಿ ಕಟ್ಟಿಕೊಡುವುದು, ಬಾಗಿಲು ಹಾಕದಿರುವುದು. ನೋವಾಗುವುದಿಲ್ಲವೇ? ಆಗುತ್ತದೆ. ಮಗಳನ್ನು ಕಳಿಸುವ ದಿನ ಯಾವ ತಾಯಿಗೆ ನೋವಾಗುವುದಿಲ್ಲ? ನೋವಾಗುತ್ತದೆಂದು ಗಾಡಿಯ ಗಾಲಿ ಕಳಚಿ ಇಡುವವರಿಲ್ಲ.

ಕರುಣ್ ನಾಯರನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2025ರ ಮಾರ್ಚಿನಲ್ಲಿ ವಿದರ್ಭ ರಣಜಿ ಗೆದ್ದಿತು. ಫೈನಲ್ಲಿನಲ್ಲಿ ಅವನದು 86 ಮತ್ತು 135. ಎದುರಾಳಿ ಕೇರಳ. ಹುಟ್ಟಿದ್ದು ಜೋಧಪುರ, ಕುಟುಂಬ ಮಲಯಾಳಿಗಳದು, ಬೆಳೆದದ್ದು ಬೆಂಗಳೂರು, ಗೆದ್ದುಕೊಟ್ಟದ್ದು ನಾಗಪುರಕ್ಕೆ. ಯಾವ ಊರು ಎಂದು ಕೇಳಿದರೆ ಅವನೂ ನನ್ನಂತೆ ತಡವರಿಸಿಯಾನು. ಜೂನಿನಲ್ಲಿ ಭಾರತದ ಟೆಸ್ಟ್ ತಂಡಕ್ಕೆ ಮರಳಿದ. ಆಮೇಲೆ ಕರ್ನಾಟಕಕ್ಕೂ ಮರಳಿ ಬಂದ. ಅಕ್ಟೋಬರಿನಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿಯೇ ಗೋವಾದ ಎದುರು ಔಟಾಗದೆ 174 ರನ್ ಮಾಡಿದ. ಅಂದು ರಾತ್ರಿ ತಮ್ಮ ಫೋನು ಮಾಡಿ, "ಅಕ್ಕ, ನಮ್ಮ ಕರುಣ್ ಹೊಡದಾ ನೋಡು" ಎಂದ.

"ಜಂತಿ ಎಣಿಸಿದಂವಾ?" ಎಂದೆ.

"ಅದೆಲ್ಲ ಹಳೇ ಮಾತು ಬಿಡು" ಎಂದು ನಕ್ಕ.

ನಾನೂ ನಕ್ಕೆ. ಆದರೆ ಅವನಿಗೆ ಮರಳಿ ಬರಲು ಬಾಗಿಲು ಇತ್ತು, ಏಕೆಂದರೆ ಅವನನ್ನು ಹೋಗಲು ಬಿಟ್ಟಿದ್ದರು. ಹೋಗಲು ಬಿಡದವರಿಗೆ ಮರಳಿ ಬರುವವರನ್ನು ಕಾಣುವ ಭಾಗ್ಯವಿಲ್ಲ.

ನನ್ನ ನಿವೃತ್ತಿಗೆ ಇನ್ನು ಹೆಚ್ಚು ವರ್ಷಗಳಿಲ್ಲ. ಆ ಶೀಲ್ಡ್ ಇನ್ನೂ ನಮ್ಮ ಶಾಲೆಯ ಕಪಾಟಿನಲ್ಲಿದೆ, ಹಿತ್ತಾಳೆ ಕಪ್ಪಾಗಿದೆ. ಈಗ ಯಾರಾದರೂ ಟಿ.ಸಿ. ಕೇಳಲು ಬಂದರೆ ಯಾವ ಶಾಲೆಗೆ ಎಂದು ನಾನು ಕೇಳುವುದಿಲ್ಲ. ಅಂದೇ ಬರೆಯಿಸಿ, ಅಂದೇ ಸಹಿ ಹಾಕಿಸಿ, ಕೈಗೆ ಕೊಟ್ಟು ಕಳಿಸುತ್ತೇನೆ. ಒಬ್ಬಳಿಗೆ ತಡವಾಗಿದ್ದನ್ನು ಇದು ತುಂಬಿಕೊಡುವುದಿಲ್ಲ ಎಂಬುದು ನನಗೆ ಗೊತ್ತಿದೆ.